ಜೈಸಲ್ಮೇರಿಗೆ ಹೋದರೆ ಮರಳು ದಿಬ್ಬವಷ್ಟೇ ಸಾಲದು, ಹುಲ್ಲೂ ನೋಡಿ ಬನ್ನಿ

ಜೈಸಲ್ಮೇರಿಗೆ ಹೋದವರು ಸಾಮಾನ್ಯವಾಗಿ ಸಮ್ ಅನ್ನುವ ಹಳ್ಳಿ ಹತ್ತಿರದ ಮರಳು ದಿಬ್ಬದಲ್ಲಿ ಒಂಟೆ ಹತ್ತಿ, ಸೂರ್ಯಾಸ್ತ ನೋಡಿ ವಾಪಸ್ ಬರುತ್ತಾರೆ. ಮರುಭೂಮಿ ಹೇಗೆ ಬದುಕುತ್ತದೆ ಅಂತ ತಿಳಿಯಬೇಕಿದ್ದರೆ ಇನ್ನೊಂದು ದಿನ ಜಾಸ್ತಿ ಇಟ್ಟುಕೊಳ್ಳಿ, ಡೆಸರ್ಟ್ ನ್ಯಾಷನಲ್ ಪಾರ್ಕಿನ ಸುದಾಸರಿ ಕಡೆ ಹೋಗಿ. 3,162 ಚದರ ಕಿ.ಮೀ. ಪಾರ್ಕಿನಲ್ಲಿ ಮರಳು ದಿಬ್ಬ ಇರುವುದು ಸುಮಾರು ಐದರಲ್ಲಿ ಒಂದು ಪಾಲು ಅಷ್ಟೇ. ಉಳಿದದ್ದು ಕಲ್ಲುನೆಲ, ಕುರುಚಲು, ಹುಲ್ಲು.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಅರಣ್ಯ ಇಲಾಖೆಯ ಅನುಮತಿ ಬಗ್ಗೆ ಹಿಂದಿನ ದಿನವೇ ಜೈಸಲ್ಮೇರಿನಲ್ಲಿ ವಿಚಾರಿಸಿ. ಕತ್ತಲಿರುವಾಗಲೇ ಹೊರಡಿ. ಸ್ವೆಟರ್, ಟೋಪಿ, ನೀರು, ಬೈನಾಕ್ಯುಲರ್ ಬೇಕೇ ಬೇಕು. ಅಲ್ಲಿನ ಹಳ್ಳಿಯ ಗೈಡ್ ಸಿಕ್ಕರೆ ಬಿಡಬೇಡಿ.

ಮೊದಲು ನೆಲ ನೋಡಿ. ಸೇವಣ ಹುಲ್ಲಿನ ಒಂದು ಬುಡದ ಹತ್ತಿರ ಸುಮ್ನೆ ಹತ್ತು ನಿಮಿಷ ಕೂತುಬಿಡಿ. ಗಾಳಿ ತಂದ ಮರಳನ್ನು ಹುಲ್ಲು ತಡೆದು ಹಿಡಿದು, ಬುಡದ ಸುತ್ತ ಸಣ್ಣ ಗುಡ್ಡೆ ಮಾಡಿಕೊಂಡಿರುತ್ತದೆ. ಆ ಗುಡ್ಡೆ ಮೇಲೆ ರಾತ್ರಿ ನಡೆದ ದುಂಬಿಯ ಹೆಜ್ಜೆಸಾಲು, ಹೊಲಿಗೆ ಹಾಕಿದ ಹಾಗೆ. ಬಿಸಿಲೇರಿ ಗಾಳಿ ಎದ್ದರೆ ಅದು ಅಳಿಸಿಹೋಗುತ್ತದೆ, ಬೇಗ ಹೋಗಿ ಅಂದಿದ್ದು ಅದಕ್ಕೇ. ಹುಲ್ಲು ಒಣಗಿದಂತೆ ಕಂಡರೂ ಸತ್ತಿಲ್ಲ. ವರ್ಷಕ್ಕೆ 200 ಮಿ.ಮೀ. ಮಳೆಯೂ ಕಾಣದ ನೆಲ ಇದು, ಒಂದು ಹದ ಮಳೆ ಬಿದ್ದರೆ ಬುಡದಿಂದ ಚಿಗುರುತ್ತದೆ.

ಕೇರ್ ಗಿಡ ನೋಡಿ, ಹೆಚ್ಚು ಕಾಲ ಎಲೆಯೇ ಇರುವುದಿಲ್ಲ. ಎಲೆ ಇದ್ದರೆ ನೀರು ಆವಿಯಾಗಿ ಹೋಗುತ್ತದೆ ಅಲ್ವಾ? ಹಸಿರು ಕಡ್ಡಿಯೇ ಎಲೆಯ ಕೆಲಸ ಮಾಡುತ್ತದೆ. ಅಲ್ಲಿಯವರು ಖೇಜ್ಡಿ ಅನ್ನುವ ಮರ ನಮ್ಮ ದಸರೆಯ ಬನ್ನಿ, ಬೇರು ತುಂಬಾ ಆಳಕ್ಕೆ ಇಳಿದು ನೀರು ಹುಡುಕುತ್ತದೆ. ಸಾಂಡಾ ಹಲ್ಲಿ ಚಳಿಗಾಲದಲ್ಲಿ ಬಿಲದ ಬಾಯಿಗೆ ಮರಳು ತುಂಬಿ ಒಳಗೆ ಮಲಗಿರುತ್ತದೆ, ಕಡ್ಡಿ ಹಾಕಿ ಕೆದಕಬೇಡಿ.

ಇನ್ನು ಗೋಡಾವಣ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ಬಳ್ಳಾರಿ ಸೀಮೆಯ ಸಿರುಗುಪ್ಪದ ಹೊಲಗಳಲ್ಲೂ ಕಂಡಿದ್ದ ನಮ್ಮ ಎರ್ಲಡ್ಡು ಹಕ್ಕಿಯೇ ಅದು. ನನಗೆ ಎರಡನೇ ದಿನ ಕಂಡಿದ್ದು ಹುಲ್ಲಿನ ಮೇಲೆ ಎದ್ದು ನಿಂತ ಒಂದು ಬಿಳಿ ಕತ್ತು ಮಾತ್ರ, ಆದರೂ ಕೈ ನಡುಗಿತು. ಬಯಲು ನೆಲದಲ್ಲಿ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿ. ಮೈಭಾರ ಜಾಸ್ತಿ, ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ಎದುರಿನ ವಿದ್ಯುತ್ ತಂತಿ ಸರಿಯಾಗಿ ಕಾಣುವುದಿಲ್ಲ, ಕಂಡಾಗ ತಿರುಗಲು ಹೊತ್ತಿರುವುದಿಲ್ಲ. ದಾರಿಯಲ್ಲಿ ತಂತಿಗಳ ಸಾಲು ಬಂದಾಗ ಒಮ್ಮೆ ತಲೆ ಎತ್ತಿ ನೋಡಿ. ಹಕ್ಕಿ ಕಂಡರೆ ಜೀಪಿನಿಂದ ಇಳಿಯಬೇಡಿ, ಫೋಟೋಗೋಸ್ಕರ ಇನ್ನೂ ಹತ್ತಿರ ಹೋಗಿ ಅಂತ ಡ್ರೈವರ್‌ಗೆ ಹೇಳಲೂಬೇಡಿ.