ಗೋಡೆಗೆ ಮುಖ ಮಾಡಿ ಕೂತ ನಾಯಿ

ಮೊದಲ ದಿನ ನನ್ನ ಕೈಗೆ ಒಂದು ಪೊರಕೆ, ಒಂದು ಬಕೆಟ್ ಕೊಟ್ಟರು. ನಾಯಿಮರಿ ಮುದ್ದಾಡೋಣ ಅಂತ ಪ್ರಾಣಿಗಳ ಆಶ್ರಯಧಾಮಕ್ಕೆ ಹೋದವನಿಗೆ ಎರಡು ಗಂಟೆ ಗೂಡು ತೊಳೆಯುವ ಕೆಲಸ! ಬೆನ್ನು ಹಿಡಿದುಕೊಂಡಿತು. ಆದರೆ ಆ ರಾತ್ರಿ, ಎಷ್ಟೋ ತಿಂಗಳ ಮೇಲೆ, ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ ಬಂತು.

ನಾನು ಅಲ್ಲಿಗೆ ಹೋಗಿದ್ದೂ ನಿದ್ದೆ ಬಾರದ್ದಕ್ಕೇ. ಮನೆಯಿಂದಲೇ ಕೆಲಸ, ದಿನವಿಡೀ ಪರದೆ ಮುಂದೆ. ಬಿಪಿ ಗಡಿಯಲ್ಲಿದೆ, ನಡೆಯಿರಿ ಎಂದರು ಡಾಕ್ಟರ್. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ಮೈ ದಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಒಬ್ಬನೇ ನಡೆಯಲು ಹೊರಟರೆ ಮೂರನೇ ದಿನಕ್ಕೇ ನನಗೊಂದು ನೆಪ ಸಿಗುತ್ತಿತ್ತು. ಪಟ್ಟಿ ಕಚ್ಚಿಕೊಂಡು ಬಾಗಿಲಲ್ಲಿ ಕಾಯುವ ನಾಯಿಯ ಮುಂದೆ ಯಾವ ನೆಪವೂ ನಡೆಯಲಿಲ್ಲ.

ಅಲ್ಲಿ ಕರಿಯ ಅಂತ ಒಬ್ಬನಿದ್ದ. ಯಾರು ಹೋದರೂ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಹೆದರಿದ ನಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಮೇಲಿಂದ ಬಗ್ಗಿ ತಲೆ ಸವರಬಾರದು ಅಂತ ಹಳಬರು ಹೇಳಿಕೊಟ್ಟರು. ಸರಿ, ಒಂದು ಚಾಪೆ ಹಾಕಿಕೊಂಡು, ಅವನಿಗೆ ಪಕ್ಕೆ ತಿರುಗಿಸಿ ಸುಮ್ನೆ ಕೂತೆ. ಅವನು ತುಟಿ ನೆಕ್ಕಿಕೊಳ್ಳುತ್ತಿದ್ದ, ಮೇಲಿಂದ ಮೇಲೆ ಆಕಳಿಸುತ್ತಿದ್ದ. ನಿದ್ದೆ ಅಂದುಕೊಂಡಿದ್ದೆ, ಅದು ಗಾಬರಿಯಂತೆ. ನಾನು ಅಲ್ಲಾಡಿದರೆ ಅವನು ಮುದುಡುತ್ತಿದ್ದ. ಅದಕ್ಕೇ ಉಸಿರನ್ನೂ ನಿಧಾನ ಮಾಡಿದೆ. ಫೋನ್ ಹೊರಗಿಟ್ಟೆ. ನಾಲ್ಕನೇ ವಾರ ಮೊಣಕೈಗೆ ಏನೋ ತಣ್ಣಗೆ ತಾಗಿತು. ಅವನ ಮೂಗು. ತಿರುಗಿ ನೋಡಲಿಲ್ಲ, ಆಸೆಯೇನೋ ತುಂಬ ಇತ್ತು.

ಎದೆ ಮೇಲಿನ ಭಾರ ಇಳಿದದ್ದು ಇಂಥ ಹೊತ್ತಿನಲ್ಲೇ. ಧ್ಯಾನದ ಆ್ಯಪ್ ಹಾಕಿಕೊಂಡು ಎಷ್ಟು ಹೆಣಗಿದ್ದೆ, ಐದು ನಿಮಿಷ ಕೂರಲು ಆಗುತ್ತಿರಲಿಲ್ಲ. ಇಲ್ಲಿ ಮುಕ್ಕಾಲು ಗಂಟೆ ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ಇದು ಬರೀ ನನ್ನ ಭ್ರಮೆ ಇರಲಾರದು. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ 249 ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಹತ್ತು ನಿಮಿಷ ನಾಯಿ, ಬೆಕ್ಕುಗಳನ್ನು ಕೈಯಾರೆ ಸವರಿದವರ ಜೊಲ್ಲಿನಲ್ಲಿ ಕಾರ್ಟಿಸಾಲ್, ಅಂದರೆ ಒತ್ತಡದ ಹಾರ್ಮೋನು, ಉಳಿದವರಿಗಿಂತ ಕಡಿಮೆ ಇತ್ತು. ಬೇರೆಯವರು ಸವರುವುದನ್ನು ಸುಮ್ಮನೆ ನೋಡುತ್ತಾ ನಿಂತವರಿಗೆ ಅಷ್ಟು ಲಾಭ ಆಗಲಿಲ್ಲ. ಹಾಗಂತ ನಾನು ಬಿಪಿ ಮಾತ್ರೆ ಬಿಟ್ಟಿಲ್ಲ. ಬಿಡಿ ಅಂತ ನಾಯಿ ಹೇಳೋದಿಲ್ಲ, ಡಾಕ್ಟರ್ ಹೇಳಬೇಕು.

ಹೋಗುವ ಮನಸ್ಸಿದ್ದರೆ ಮೊದಲೇ ಡಾಕ್ಟರ್ ಹತ್ತಿರ ಕೇಳಿ ರೇಬಿಸ್ ಮುಂಜಾಗ್ರತೆ ಲಸಿಕೆ ಹಾಕಿಸಿಕೊಳ್ಳಿ. ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ಗಾಯ ತೊಳೆದು ಆಸ್ಪತ್ರೆಗೆ ಓಡಬೇಕು. ಮೊದಲೇ ಲಸಿಕೆ ಆಗಿದ್ದರೂ ಆಗ ಮತ್ತೆ ಡೋಸ್ ಬೇಕು. ಬಸುರಿಯರು ಬೆಕ್ಕಿನ ಮಲ ಬಳಿಯುವ ಕೆಲಸ ಬೇರೆಯವರಿಗೆ ಬಿಡುವುದು ಒಳ್ಳೆಯದು. ಟಾಕ್ಸೊಪ್ಲಾಸ್ಮಾ ಅನ್ನುವ ಪರೋಪಜೀವಿಯ ಭಯ ಇದೆ.

ಇನ್ನೊಂದು ಮಾತು ಯಾರೂ ಮೊದಲೇ ಹೇಳಿರಲಿಲ್ಲ. ಅಲ್ಲಿ ಸಾವೂ ಇದೆ. ನಾನು ಅನ್ನ ತಿನ್ನಿಸುತ್ತಿದ್ದ ಮುದಿ ನಾಯಿಯೊಂದು ಒಂದು ಬೆಳಿಗ್ಗೆ ಏಳಲಿಲ್ಲ. ಆ ವಾರ ಹೋಗಲೇ ಇಲ್ಲ, ನಿದ್ದೆಯೂ ಮತ್ತೆ ಕೈಕೊಟ್ಟಿತು. ಆಗ ನಾನು ವಾರಕ್ಕೆ ಐದು ದಿನ ಹೋಗುತ್ತಿದ್ದೆ, ಜಾಸ್ತಿ ಆಯ್ತು ಅಲ್ವಾ? ಈಗ ಎರಡೇ ದಿನ. ಕರೆದರೂ ಮೂರನೆಯ ದಿನ ಹೋಗುವುದಿಲ್ಲ.

ಕರಿಯನನ್ನು ಹೋದ ತಿಂಗಳು ಒಂದು ಮನೆಯವರು ಕರೆದುಕೊಂಡು ಹೋದರು. ಕಾರು ಹತ್ತುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಕಳ್ಳ. ಅವನ ಗೂಡಿನಲ್ಲಿ ಈಗ ಕಂದು ಬಣ್ಣದ ಹೆಣ್ಣು ನಾಯಿ ಇದೆ. ಗೋಡೆಗೆ ಮುಖ. ನಾಳೆ ಚಾಪೆ ಒಗೆದು ಒಣಗಿಸಿಕೊಂಡು ಹೋಗಬೇಕು, ಕರಿಯನ ವಾಸನೆ ಇನ್ನೂ ಅದರಲ್ಲೇ ಇದೆ.