ಲೇತ್ ಪಕ್ಕದಲ್ಲೊಂದು ಚಾರ್ಟ್ ಇರಲಿ

ಸಿಎನ್‌ಸಿ ಲೇತ್‌ನಿಂದ, ಅಂದರೆ ಕಂಪ್ಯೂಟರ್ ನಡೆಸುವ ಕಡಿಯುವ ಯಂತ್ರದಿಂದ, ಶಾಫ್ಟ್ (ದುಂಡನೆಯ ದಂಡ) ಒಂದು ಹೊರಬಂತು. ಆಪರೇಟರ್ ಅಳೆದು ನೋಡಿದ. ಐದಾರು ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲಿ ಐದಾರು ಭಾಗ) ಜಾಸ್ತಿ. ತಕ್ಷಣ ಆಫ್‌ಸೆಟ್, ಅಂದರೆ ಟೂಲ್ ಎಲ್ಲಿ ನಿಲ್ಲಬೇಕೆಂದು ಯಂತ್ರಕ್ಕೆ ಕೊಡುವ ತಿದ್ದುಪಡಿ, ಇಳಿಸಿದ. ಮುಂದಿನದು ಕಡಿಮೆ ಬಂತು, ಏರಿಸಿದ. ಶಿಫ್ಟ್ ಪೂರ್ತಿ ಇದೇ ಆಟ. ಪಾಪ, ಕೆಲಸದ ಮೇಲೆ ಅವನಿಗೆ ಕಾಳಜಿ ಇದೆ. ಆದರೆ ಅಳತೆ ಇನ್ನಷ್ಟು ಏರುಪೇರಾಗುವುದು ಹೀಗೆ ಸುಮ್ನೆ ಕೈ ಹಾಕುವುದರಿಂದಲೇ.

ಒಂದೇ ಕೈ ತಟ್ಟಿದ ರೊಟ್ಟಿಗಳೂ ಒಂದೇ ಅಳತೆ ಇರುವುದಿಲ್ಲ, ಅಲ್ವಾ? ಯಂತ್ರವೂ ಹಾಗೆಯೇ. ಅದರ ಮಾಮೂಲಿ ಏರಿಳಿತ ಯಾವುದು, ನಿಜವಾದ ತೊಂದರೆ ಯಾವುದು ಎಂದು ಬಿಡಿಸಿ ತೋರಿಸುವುದೇ ಕಂಟ್ರೋಲ್ ಚಾರ್ಟ್. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಇದನ್ನು ರೂಪಿಸಿದರು. ಕಾಗದ, ಪೆನ್ಸಿಲ್, ಕ್ಯಾಲ್ಕುಲೇಟರ್ ಇದ್ದರೆ ನೀವೂ ಶುರು ಮಾಡಬಹುದು.

ಮೊದಲು ಒಂದೇ ಒಂದು ಅಳತೆ ಆರಿಸಿಕೊಳ್ಳಿ. ಡ್ರಾಯಿಂಗ್‌ನಲ್ಲಿ ಶಾಫ್ಟ್ ವ್ಯಾಸ 25 ಮಿ.ಮೀ., ಟಾಲರೆನ್ಸ್ (ಒಪ್ಪಬಹುದಾದ ವ್ಯತ್ಯಾಸ) 0.05 ಹೆಚ್ಚು ಅಥವಾ ಕಡಿಮೆ ಎನ್ನೋಣ. ಮೈಕ್ರೋಮೀಟರ್ 0.001 ಮಿ.ಮೀ. ತನಕ ತೋರಿಸಬೇಕು. 0.01 ತೋರಿಸುವುದರಲ್ಲಿ ಅಳೆದರೆ ಏರಿಳಿತವೆಲ್ಲ ಮುಚ್ಚಿಹೋಗುತ್ತದೆ.

ಆಮೇಲೆ ಗಂಟೆಗೊಮ್ಮೆ, ಸಾಲಾಗಿ ಬಂದ ಐದು ಜಾಬ್ (ತಯಾರಾದ ಶಾಫ್ಟ್) ಎತ್ತಿಕೊಂಡು ಅಳೆಯಿರಿ. ಒಳ್ಳೆಯದನ್ನು ಹುಡುಕಿ ಎತ್ತಬೇಡಿ! ಐದರ ಸರಾಸರಿ ಬರೆಯಿರಿ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ ಬರುವುದು ರೇಂಜ್, ಅದನ್ನೂ ಬರೆಯಿರಿ. ಇನ್ಸರ್ಟ್ (ಟೂಲ್‌ನ ಕಡಿಯುವ ತುದಿ) ಬದಲಿಸಿದ್ದು, ಹೊಸ ರಾಡ್ ಬಂದದ್ದು ಪಕ್ಕದಲ್ಲೇ ಗುರುತಾಗಲಿ. ಇಂಥ 25 ಗುಂಪು ಸೇರಿದರೆ ಲೆಕ್ಕಕ್ಕೆ ಕೂರಬಹುದು.

ಎಲ್ಲ ಸರಾಸರಿಗಳ ಸರಾಸರಿ 25.004 (ಇದೇ ಮಧ್ಯದ ಗೆರೆ), ರೇಂಜ್‌ಗಳ ಸರಾಸರಿ 0.020 ಬಂತು ಎನ್ನೋಣ. ಐದರ ಗುಂಪಿಗೆ 0.577 ಎಂಬ ಸಿದ್ಧ ಸಂಖ್ಯೆಯಿದೆ. ಅದರಿಂದ 0.020ಯನ್ನು ಗುಣಿಸಿ, 25.004ಕ್ಕೆ ಕೂಡಿದರೆ ಮೇಲಿನ ಗೆರೆ 25.016. ಕಳೆದರೆ ಕೆಳಗಿನ ಗೆರೆ 24.992. ರೇಂಜ್‌ಗೆ ಬೇರೆ ಚಾರ್ಟ್: 0.020ಯನ್ನು 2.114ರಿಂದ ಗುಣಿಸಿ, ಮೇಲಿನ ಗೆರೆ 0.042. ಕೆಳಗಿನದು ಸೊನ್ನೆ.

ಎಲ್ಲರೂ ಎಡವುವುದು ಇಲ್ಲೇ. ಡ್ರಾಯಿಂಗ್‌ನ 24.95 ಮತ್ತು 25.05ನ್ನು ಈ ಚಾರ್ಟ್ ಮೇಲೆ ಎಳೆಯಲೇಬೇಡಿ. ಅದು ಗಿರಾಕಿ ಕೇಳಿದ್ದು. ಚಾರ್ಟ್‌ನ ಗೆರೆಗಳು ನಿಮ್ಮ ಯಂತ್ರ ತಾನಾಗಿ ಹೇಳಿದ್ದು. ಎರಡನ್ನೂ ಬೆರೆಸಿದರೆ ಚಾರ್ಟ್ ಬರೀ ಗೋಡೆಯ ಅಲಂಕಾರ.

ಇನ್ನು ಓದುವುದು. ಪ್ರತಿ ಗುಂಪಿಗೂ ಎರಡೂ ಚಾರ್ಟ್‌ನಲ್ಲಿ ಒಂದೊಂದು ಚುಕ್ಕಿ ಇಡಿ. ಮೊದಲು ರೇಂಜ್ ಚಾರ್ಟ್ ನೋಡಿ. ಅಲ್ಲಿ ಚುಕ್ಕಿ ಗೆರೆ ದಾಟಿದ್ದರೆ ಯಂತ್ರ ರಾಡ್ ಹಿಡಿದ ಹಿಡಿತ ಸಡಿಲವಾಗಿದೆಯೇ, ಬೇರೆ ಲಾಟಿನ ರಾಡ್ ಬೆರೆತಿದೆಯೇ ಹುಡುಕಿ. ಸರಾಸರಿಯ ಚುಕ್ಕಿಗಳು ಒಂದೇ ಸಮ ಮೇಲೇರುತ್ತಿದ್ದರೆ ಟೂಲ್ ಸವೆಯುತ್ತಿರಬಹುದು: ಹೊರವ್ಯಾಸ ಕಡಿಯುವ ಇನ್ಸರ್ಟ್ ಸವೆದಂತೆ ಜಾಬ್ ದಪ್ಪವಾಗುತ್ತದೆ. ಸಾಲಾಗಿ ಎಂಟು ಚುಕ್ಕಿ ಮಧ್ಯದ ಗೆರೆಯ ಒಂದೇ ಕಡೆ ಬಿದ್ದರೂ ಏನೋ ಬದಲಾಗಿದೆ ಎಂದೇ ಲೆಕ್ಕ. ಎರಡೂ ಚಾರ್ಟ್‌ನಲ್ಲಿ ಚುಕ್ಕಿಗಳು ಗೆರೆಯೊಳಗೇ ಇದ್ದು, ಇಂಥದ್ದೇನೂ ಇಲ್ಲವೇ? ಆಫ್‌ಸೆಟ್ ಮುಟ್ಟಬೇಡಿ. ಸುಮ್ಮನೆ ನಿಲ್ಲುವುದೇ ಕಷ್ಟದ ಕೆಲಸ, ಅಭ್ಯಾಸವಾಗಲು ಸ್ವಲ್ಪ ದಿನ ಬೇಕು.

ಚುಕ್ಕಿಗಳೆಲ್ಲ ಗೆರೆಯೊಳಗೇ ಇದ್ದು, ಸರಾಸರಿ ಅಳತೆಯೂ ಡ್ರಾಯಿಂಗ್‌ನ ಮಿತಿಗಳ ನಡುವಿನಲ್ಲೇ ಇದ್ದು, ಆದರೂ ರಿಜೆಕ್ಷನ್ ನಿಲ್ಲದಿದ್ದರೆ ಆಪರೇಟರ್‌ನನ್ನು ಬೈಯಬೇಡಿ. ಈಗಿನ ಸ್ಥಿತಿಯಲ್ಲಿ ಆ ಯಂತ್ರದ ಕೈಲಾಗುವುದೇ ಅಷ್ಟು. ಬೇರಿಂಗ್, ಕೋಲೆಟ್ (ರಾಡ್ ಹಿಡಿಯುವ ಭಾಗ) ಬದಲಿಸಲು ದುಡ್ಡು ಬಿಚ್ಚಬೇಕಾದವರು ಮಾಲೀಕರು.