ನೋಟಿಸ್ ಐಸಾ: ಕಾಯುವುದಕ್ಕೆ ತಕ್ಕ ಬಡ್ಡಿ ಸಿಗುತ್ತದೆಯೇ?

ನಾವು ನೆಲೆಸಿರುವ ಬ್ರಿಟನ್ನಿನಲ್ಲಿ ಉಳಿತಾಯದ ಬಡ್ಡಿಗೆ ತೆರಿಗೆ ಬೀಳದಂತೆ ಹಣ ಇಡಲು ಐಸಾ ಎಂಬ ಖಾತೆಗಳಿವೆ. 1999ರ ಏಪ್ರಿಲ್‌ನಿಂದ ಅವು ಚಾಲ್ತಿಯಲ್ಲಿವೆ. ನಗದು ಇಡುವ ಕ್ಯಾಶ್ ಐಸಾದಲ್ಲಿ ಮುಖ್ಯವಾಗಿ ಮೂರು ಬಗೆ: ಬೇಕೆಂದಾಗ ಹಣ ತೆಗೆಯಬಹುದಾದ ಈಸಿ ಆಕ್ಸೆಸ್, ಒಂದು ಅಥವಾ ಹೆಚ್ಚು ವರ್ಷಕ್ಕೆ ದರ ನಿಗದಿಯಾಗುವ ಫಿಕ್ಸೆಡ್ ರೇಟ್, ಮತ್ತು ಇವೆರಡರ ನಡುವಿನ ನೋಟಿಸ್ ಐಸಾ. ಮೂರನೆಯದರಲ್ಲಿ ಹಣ ಬೇಕಾದರೆ 30, 60, 90 ಅಥವಾ ಅದಕ್ಕೂ ಹೆಚ್ಚು ದಿನ ಮೊದಲೇ ಬ್ಯಾಂಕಿಗೆ ತಿಳಿಸಬೇಕು. ನಮ್ಮೂರಿನ ಎಫ್‌ಡಿಗೆ ಇದನ್ನು ಹೋಲಿಸುವುದು ಸರಿಯಲ್ಲ. ಎಫ್‌ಡಿಗೆ ಅವಧಿ ಮುಗಿಯುವ ದಿನವೊಂದಿರುತ್ತದೆ, ಅಲ್ಲಿಯವರೆಗೆ ದರ ಬದಲಾಗುವುದಿಲ್ಲ. ನೋಟಿಸ್ ಐಸಾಗೆ ಅಂತಹ ದಿನವಿಲ್ಲ, ದರವೂ ಸಾಮಾನ್ಯವಾಗಿ ಸ್ಥಿರವಲ್ಲ, ಇರುವುದು ಕಾಯುವ ಕರಾರು ಮಾತ್ರ.

ಇಂತಹ ಖಾತೆ ತೆರೆಯಬೇಕೇ ಎಂಬುದರಲ್ಲಿ ಎರಡು ಪ್ರಶ್ನೆಗಳಿವೆ. ನಿಮ್ಮ ಬಡ್ಡಿಗೆ ತೆರಿಗೆ ಬೀಳುತ್ತದೆಯೇ ಎಂಬುದು ಮೊದಲನೆಯದು. ಕಾಯುವ ಕಟ್ಟುಪಾಡಿಗೆ ಬ್ಯಾಂಕು ಕೊಡುವ ಹೆಚ್ಚುವರಿ ಬಡ್ಡಿ ಸಾಕೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ‘ಇಲ್ಲ’ ಎಂದಾದರೆ ಎರಡನೆಯದನ್ನು ಕೇಳಬೇಕಾಗಿಯೇ ಇಲ್ಲ.

2016ರ ಏಪ್ರಿಲ್‌ನಿಂದ ಐಸಾದ ಹೊರಗಿನ ಬಡ್ಡಿಗೂ ಒಂದು ಮಿತಿಯವರೆಗೆ ತೆರಿಗೆ ಇಲ್ಲ. ಬೇಸಿಕ್ ದರದ ತೆರಿಗೆದಾರರಿಗೆ ವರ್ಷಕ್ಕೆ 1,000 ಪೌಂಡ್, ವರಮಾನ 50,270 ಪೌಂಡ್ ದಾಟಿ ಹೈಯರ್ ದರಕ್ಕೆ ಬಂದವರಿಗೆ 500 ಪೌಂಡ್, 1,25,140 ಪೌಂಡ್ ದಾಟಿದವರಿಗೆ ಏನೂ ಇಲ್ಲ. ಯಾವ ದರ ಅನ್ವಯಿಸುತ್ತದೆ ಎಂದು ನೋಡುವಾಗ ಸಂಬಳದ ಜೊತೆ ಬಡ್ಡಿಯನ್ನೂ ಸೇರಿಸುತ್ತಾರೆ. ಎಡಿನ್‌ಬರೋ, ಗ್ಲಾಸ್ಗೋ, ಅಬರ್ಡೀನ್‌ಗಳಲ್ಲಿ ಇರುವವರಿಗೆ ಸಂಬಳದ ಮೇಲೆ ಸ್ಕಾಟ್ಲೆಂಡಿನ ದರಗಳಾದರೂ ಬಡ್ಡಿಗೆ ಅನ್ವಯಿಸುವುದು ಇಂಗ್ಲೆಂಡಿನ ಮಿತಿಗಳೇ. ಶೇ 4ರ ದರ ಹಿಡಿದರೆ 25,000 ಪೌಂಡ್ ಇಟ್ಟವರಿಗೆ 1,000, 12,500 ಪೌಂಡ್ ಇಟ್ಟವರಿಗೆ 500 ಪೌಂಡ್ ಬಡ್ಡಿ ಬರುತ್ತದೆ. ಬೇಸಿಕ್ ದರದಲ್ಲಿದ್ದು 15,000 ಪೌಂಡ್ ಉಳಿಸಿರುವವರಿಗೆ ಐಸಾದಿಂದ ಈ ವರ್ಷ ತೆರಿಗೆಯ ಲಾಭವೇನೂ ಇಲ್ಲ. ಐಸಾ ಅಲ್ಲದ ಸಾಮಾನ್ಯ ಖಾತೆ ಹಲವು ವೇಳೆ ತುಸು ಹೆಚ್ಚೇ ಬಡ್ಡಿ ಕೊಡುತ್ತದೆ.

ಆದರೆ ಇಲ್ಲಿ ನಮ್ಮವರು ಮರೆಯುವ ಒಂದು ಸಂಗತಿಯಿದೆ, ಅದನ್ನು ಒತ್ತಿ ಹೇಳಬೇಕಾಗಿದೆ. ಬ್ರಿಟನ್ನಿನ ತೆರಿಗೆ ನಿವಾಸಿಯ ಜಗತ್ತಿನೆಲ್ಲೆಡೆಯ ಆದಾಯ ಇಲ್ಲಿ ತೆರಿಗೆಗೆ ಒಳಪಡುತ್ತದೆ. ಅನಿವಾಸಿ ಭಾರತೀಯರು ವಿದೇಶದ ಗಳಿಕೆಯನ್ನು ಭಾರತದ ಬ್ಯಾಂಕಿನಲ್ಲಿ ಇಡುವ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಎಂಬುದು ನಿಜ. ಆ ಕಾರಣಕ್ಕೆ ಇಲ್ಲಿಯೂ ಇಲ್ಲ ಎಂದು ತಿಳಿಯುವುದು ತಪ್ಪು. ಎನ್‌ಆರ್‌ಇ, ಮತ್ತು ಅನಿವಾಸಿಗಳು ಭಾರತದಲ್ಲಿ ಬರುವ ಆದಾಯವನ್ನು ಇಡುವ ಎನ್‌ಆರ್‌ಒ, ಎರಡರ ಬಡ್ಡಿಯೂ ಮೇಲೆ ಹೇಳಿದ 1,000 ಅಥವಾ 500 ಪೌಂಡುಗಳ ಮಿತಿಯೊಳಗೇ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ಠೇವಣಿಯ ಬಡ್ಡಿಯೇ ಆ ಮಿತಿಯನ್ನು ತುಂಬಿಸಿಬಿಟ್ಟರೆ, ಇಲ್ಲಿನ ಸಾಮಾನ್ಯ ಖಾತೆಯ ಮೊದಲ ಪೌಂಡ್ ಬಡ್ಡಿಗೂ ತೆರಿಗೆ ಬೀಳುತ್ತದೆ. ಅಂಥವರಿಗೆ ಐಸಾ ನಿಜವಾಗಿ ಉಪಯುಕ್ತ. ಈ ಲೆಕ್ಕ ಹಾಕುವಾಗ ಇಲ್ಲಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಆರಂಭವಾಗಿ ಏಪ್ರಿಲ್ 5ಕ್ಕೆ ಮುಗಿಯುತ್ತದೆ ಎಂಬುದನ್ನು ಗಮನಿಸಬೇಕು. ಹತ್ತು ವರ್ಷ ಬ್ರಿಟನ್ನಿನ ನಿವಾಸಿಯಾಗಿರದೆ ಹೊಸದಾಗಿ ಬಂದವರಿಗೆ, 2025ರ ಏಪ್ರಿಲ್ 6ರಿಂದ ಜಾರಿಯಾದ ನಿಯಮದಂತೆ, ಮೊದಲ ನಾಲ್ಕು ವರ್ಷ ವಿದೇಶಿ ಆದಾಯಕ್ಕೆ ವಿನಾಯಿತಿ ಕೇಳಲು ಅವಕಾಶವಿದೆ. ಕೇಳಿದ ವರ್ಷ 12,570 ಪೌಂಡುಗಳ ಪರ್ಸನಲ್ ಅಲೋಯನ್ಸ್, ಅಂದರೆ ಆದಾಯದಲ್ಲಿ ತೆರಿಗೆ ಬೀಳದ ಮೊದಲ ಭಾಗ, ಕೈಬಿಟ್ಟುಹೋಗುತ್ತದೆ, ಆದ್ದರಿಂದ ಸಂಬಳದಾರರಿಗೆ ಇದು ಬಹಳ ವೇಳೆ ನಷ್ಟದ ವ್ಯವಹಾರ.

ಗಂಡ ಹೆಂಡತಿಯರಲ್ಲಿ ಒಬ್ಬರಿಗೆ ಸಂಬಳವಿಲ್ಲದಿದ್ದರೆ ಐಸಾಗಿಂತ ಸರಳವಾದ ದಾರಿಯಿದೆ. ಬೇರೆ ಆದಾಯವೇ ಇಲ್ಲದವರಿಗೆ ಪರ್ಸನಲ್ ಅಲೋಯನ್ಸಿನ 12,570, ಉಳಿತಾಯಕ್ಕೆಂದೇ ಇರುವ ಶೂನ್ಯ ದರದ 5,000, ಮೇಲಿನ 1,000, ಹೀಗೆ ಒಟ್ಟು 18,570 ಪೌಂಡ್ ಬಡ್ಡಿಯವರೆಗೆ ತೆರಿಗೆ ಬರುವುದಿಲ್ಲ. ಉಳಿತಾಯವನ್ನು ಅವರ ಹೆಸರಿಗೆ ನಿಜವಾಗಿಯೂ ಕೊಟ್ಟು, ಅವರದೇ ಖಾತೆಯಲ್ಲಿ ಇಟ್ಟರೆ ಸಾಕು. ಮನೆಯ ಹಣವೆಲ್ಲ ದುಡಿಯುವವರ ಹೆಸರಿನಲ್ಲೇ ಇರಬೇಕೆಂಬ ರೂಢಿ ಇಲ್ಲಿ ತೆರಿಗೆಯ ರೂಪದಲ್ಲಿ ದುಬಾರಿಯಾಗುತ್ತದೆ.

ಐಸಾಗೆ ವರ್ಷಕ್ಕೆ ಒಬ್ಬರು 20,000 ಪೌಂಡ್ ಹಾಕಬಹುದು. ಬಳಸದ ಮಿತಿ ಮುಂದಿನ ವರ್ಷಕ್ಕೆ ಬರುವುದಿಲ್ಲ, ಜಂಟಿ ಖಾತೆಯೂ ಇಲ್ಲ. 2025ರ ನವೆಂಬರ್ ಬಜೆಟ್ಟಿನ ಪ್ರಕಾರ 2027ರ ಏಪ್ರಿಲ್‌ನಿಂದ 65 ವರ್ಷದೊಳಗಿನವರು ಆ 20,000ದಲ್ಲಿ 12,000 ಪೌಂಡುಗಳನ್ನು ಮಾತ್ರ ಕ್ಯಾಶ್ ಐಸಾಗೆ ಹಾಕಬಹುದು, ಮತ್ತು ಐಸಾದ ಹೊರಗಿನ ಬಡ್ಡಿಯ ಮೇಲಿನ ತೆರಿಗೆ ಶೇ 20, 40, 45ರಿಂದ ಶೇ 22, 42, 47ಕ್ಕೆ ಏರುತ್ತದೆ. ಹೈಯರ್ ದರದವರಿಗೆ ಐಸಾದ ಬೆಲೆ ಇದರಿಂದ ಹೆಚ್ಚುತ್ತದೆ.

ಈಗ ಎರಡನೆಯ ಪ್ರಶ್ನೆ. ನೋಟಿಸ್ ಐಸಾವನ್ನು ಹೋಲಿಸಬೇಕಾದದ್ದು ಚಾಲ್ತಿ ಖಾತೆಯೊಂದಿಗಲ್ಲ, ಅದೇ ದಿನ ಸಿಗುವ ಅತ್ಯುತ್ತಮ ಈಸಿ ಆಕ್ಸೆಸ್ ಐಸಾದೊಂದಿಗೆ. ಉದಾಹರಣೆಗೆ, ಈಸಿ ಆಕ್ಸೆಸ್ ಐಸಾ ಶೇ 3.9 ಮತ್ತು 90 ದಿನದ ನೋಟಿಸ್ ಐಸಾ ಶೇ 4.2 ಕೊಡುತ್ತಿವೆ ಎಂದುಕೊಳ್ಳೋಣ. 20,000 ಪೌಂಡುಗಳಿಗೆ ವರ್ಷಕ್ಕೆ ಬರುವ ಹೆಚ್ಚುವರಿ ಬಡ್ಡಿ 60 ಪೌಂಡ್. ದಿನ ಕಾಯದೇ ಹಣ ತೆಗೆಯಲು ಬಿಡುವ ನೋಟಿಸ್ ಖಾತೆಗಳು ಸಾಮಾನ್ಯವಾಗಿ ನೋಟಿಸ್ ಅವಧಿಯಷ್ಟು ದಿನದ ಬಡ್ಡಿಯನ್ನು ಕಡಿಯುತ್ತವೆ. 90 ದಿನಕ್ಕೆ ಅದು ಸುಮಾರು 207 ಪೌಂಡ್. ಒಮ್ಮೆ ಅವಸರಕ್ಕೆ ಪೂರ್ತಿ ಹಣ ತೆಗೆದರೆ ಮೂರು ವರ್ಷಕ್ಕೂ ಹೆಚ್ಚು ಕಾಲ ಕಾದು ಗಳಿಸಿದ ಲಾಭ ಹೋಯಿತು. ಆದ್ದರಿಂದ, ನನ್ನ ಅಭಿಪ್ರಾಯದಲ್ಲಿ, 90 ದಿನದ ನೋಟಿಸಿಗೆ ಈಸಿ ಆಕ್ಸೆಸ್‌ಗಿಂತ ಕನಿಷ್ಠ ಅರ್ಧ ಶೇಕಡಾ ಹೆಚ್ಚು ಸಿಗದಿದ್ದರೆ ಆ ಖಾತೆ ತೆರೆಯುವ ಅಗತ್ಯವಿಲ್ಲ.

ಇನ್ನೊಂದು ತೊಡಕು ದರದ ಇಳಿಕೆಯದು. ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಮೂಲ ದರ ಇಳಿಸಿದಾಗ ನೋಟಿಸ್ ಖಾತೆಯ ದರವೂ ಇಳಿಯಬಹುದು. ಈಸಿ ಆಕ್ಸೆಸ್ ಗ್ರಾಹಕ ಮರುದಿನವೇ ಬೇರೆಡೆಗೆ ಅರ್ಜಿ ಹಾಕುತ್ತಾನೆ, ಫಿಕ್ಸೆಡ್ ರೇಟ್ ಗ್ರಾಹಕನಿಗೆ ಇಳಿಕೆಯೇ ತಟ್ಟುವುದಿಲ್ಲ. ನೋಟಿಸ್ ಗ್ರಾಹಕ ಮಾತ್ರ ಇಳಿದ ದರದಲ್ಲೇ ತನ್ನ ದಿನಗಳನ್ನು ಎಣಿಸಬೇಕಾಗಬಹುದು. ದರಗಳು ಇಳಿಮುಖವಾಗಿರುವಾಗ ಒಂದು ವರ್ಷದ ಫಿಕ್ಸೆಡ್ ಐಸಾವೇ ಮೇಲು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಹಾಗಾದರೆ ಯಾವ ಹಣಕ್ಕೆ ನೋಟಿಸ್ ಐಸಾ ಒಪ್ಪುತ್ತದೆ? ದಿನ ಗೊತ್ತಿರುವ, ಆದರೆ ಅಲ್ಲಿಯವರೆಗೆ ಸ್ವಲ್ಪ ಸ್ವಲ್ಪವಾಗಿ ಕೂಡಿಡಬೇಕಾದ ಖರ್ಚಿಗೆ ಒಪ್ಪುತ್ತದೆ. ವೀಸಾ ನವೀಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗಾಗಿ ವೀಸಾ ಅರ್ಜಿದಾರರು ಕಟ್ಟುವ ಆರೋಗ್ಯ ಸರ್ಚಾರ್ಜ್ 2024ರ ಫೆಬ್ರುವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035, ಮಕ್ಕಳಿಗೆ 776 ಪೌಂಡ್. ದಂಪತಿ ಮತ್ತು ಇಬ್ಬರು ಮಕ್ಕಳ ಕುಟುಂಬ ಮೂರು ವರ್ಷಕ್ಕೆ ವೀಸಾ ವಿಸ್ತರಿಸಿದರೆ ಸರ್ಚಾರ್ಜ್ ಒಂದೇ 10,866 ಪೌಂಡ್ ಆಗುತ್ತದೆ, ಅದನ್ನು ಅರ್ಜಿಯ ಜೊತೆಗೇ ಕಟ್ಟಬೇಕು. ವೀಸಾ ಮುಗಿಯುವ ದಿನಾಂಕ ಮೊದಲೇ ತಿಳಿದಿರುವುದರಿಂದ, ನೂರಿಪ್ಪತ್ತು ದಿನ ಮುಂಚೆ ನೋಟಿಸ್ ಕೊಡುವುದು ಕಷ್ಟವಲ್ಲ. ಮನೆ ಕೊಳ್ಳಲು ಇಟ್ಟ ಹಣದ ಮಾತು ಬೇರೆ. ಖರೀದಿಯನ್ನು ಖಚಿತಪಡಿಸುವ ಕಾಂಟ್ರಾಕ್ಟ್ ವಿನಿಮಯದ ದಿನ ವಕೀಲರ ಮೇಲೂ, ಮಾರುವವರ ಮೇಲೂ, ಅವರು ಕೊಳ್ಳುವ ಮನೆಯ ಮೇಲೂ ಅವಲಂಬಿಸಿರುತ್ತದೆ, ಆಗ ಎರಡು ವಾರದಲ್ಲಿ ಡಿಪಾಸಿಟ್ ಬೇಕೆಂದರೆ ನೋಟಿಸ್ ಖಾತೆ ನೆರವಾಗದು. ಬಾಳಸಂಗಾತಿಯ ವೀಸಾಕ್ಕೆ ಆದಾಯದ ಬದಲು ಉಳಿತಾಯ ತೋರಿಸುವವರು ಇನ್ನೂ ಎಚ್ಚರವಾಗಿರಬೇಕು: ದಂಡ ತೆತ್ತಾದರೂ ಹಣವನ್ನು ತಕ್ಷಣ ತೆಗೆಯಬಹುದಾದ ಖಾತೆಯೇ ಆಗಿರಬೇಕೆಂದು ನಿಯಮ ಹೇಳುತ್ತದೆ.

ಮತ್ತು ಊರಿಂದ ಬರುವ ಫೋನು. ತಂದೆಯವರನ್ನು ಐಸಿಯುಗೆ ಸೇರಿಸಿದ್ದಾರೆ ಎಂದು ನಡುರಾತ್ರಿ ಅಣ್ಣನೋ ಅಕ್ಕನೋ ಹೇಳಿದಾಗ, ಬೆಳಗಿನ ವಿಮಾನದ ಟಿಕೆಟ್ಟು ಮತ್ತು ಆಸ್ಪತ್ರೆಯ ಮುಂಗಡ ಎರಡೂ ಆ ಕ್ಷಣವೇ ಬೇಕು. ಆ ಹಣವನ್ನು ಯಾವ ಬಡ್ಡಿಯ ಆಸೆಗೂ ನೋಟಿಸ್ ಖಾತೆಗೆ ಹಾಕಬೇಡಿ. ಮೂರರಿಂದ ಆರು ತಿಂಗಳ ಮನೆಖರ್ಚು ಮತ್ತು ಇಡೀ ಕುಟುಂಬ ಊರಿಗೆ ಹೋಗಿಬರುವ ವೆಚ್ಚ ಈಸಿ ಆಕ್ಸೆಸ್‌ನಲ್ಲಿ ಇದ್ದ ಮೇಲೆಯೇ ನೋಟಿಸ್ ಐಸಾದ ಯೋಚನೆ ಮಾಡಬೇಕು.

ತೆರೆದ ಮೇಲೆ ಒಂದು ಐಸಾದಿಂದ ಇನ್ನೊಂದಕ್ಕೆ ಹೋಗುವಾಗ ಹಣವನ್ನು ನೀವೇ ತೆಗೆದು ಹಾಕಬಾರದು. ಹೊಸ ಬ್ಯಾಂಕಿನ ವರ್ಗಾವಣೆ ಅರ್ಜಿಯ ಮೂಲಕವೇ ಸಾಗಿಸಬೇಕು, ಇಲ್ಲವಾದರೆ ಹಿಂದಿನ ವರ್ಷಗಳ ತೆರಿಗೆ ರಕ್ಷಣೆ ಹೋಗುತ್ತದೆ. ವರ್ಗಾವಣೆಗೂ ನೋಟಿಸ್ ಕೊಡಬೇಕೇ ಎಂಬುದನ್ನು ಕರಾರಿನಲ್ಲಿ ಮೊದಲೇ ಓದಿಕೊಳ್ಳಿ. ಬ್ಯಾಂಕು ಮುಳುಗಿದರೆ ಒಂದು ಸಂಸ್ಥೆಯಲ್ಲಿ ಒಬ್ಬರ ಠೇವಣಿಗೆ ಕಾನೂನುಬದ್ಧ ವ್ಯವಸ್ಥೆಯಿಂದ ಸಿಗುವ ಭದ್ರತೆ 2025ರ ಡಿಸೆಂಬರ್ 1ರಿಂದ 1,20,000 ಪೌಂಡ್.

ಭಾರತಕ್ಕೆ ಮರಳುವವರು ಐಸಾವನ್ನು ಮುಚ್ಚಬೇಕೆಂದಿಲ್ಲ, ಆದರೆ ನಿವಾಸ ಬದಲಾದದ್ದನ್ನು ಬ್ಯಾಂಕಿಗೆ ತಿಳಿಸಬೇಕು, ಹೊರಟ ತೆರಿಗೆ ವರ್ಷ ಮುಗಿದ ಮೇಲೆ ಹೊಸ ಹಣ ಹಾಕುವಂತಿಲ್ಲ. ಐಸಾದ ವಿನಾಯಿತಿಯನ್ನು ಭಾರತದ ಕಾನೂನು ಗುರುತಿಸುವುದಿಲ್ಲ. ಮರಳಿದ ಮೊದಲ ಕೆಲವು ವರ್ಷ ಆರ್‌ಎನ್‌ಒಆರ್, ಅಂದರೆ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ತೆರಿಗೆ ಸ್ಥಾನಮಾನ ಇದ್ದಷ್ಟು ಕಾಲ ಇಲ್ಲಿನ ಬಡ್ಡಿಗೆ ಅಲ್ಲಿ ತೆರಿಗೆ ಬರುವುದಿಲ್ಲ. ಅದು ಮುಗಿದೊಡನೆ ಬಡ್ಡಿಯನ್ನು ಆದಾಯಕ್ಕೆ ಸೇರಿಸಬೇಕು, ಖಾತೆಯನ್ನು ಭಾರತದ ತೆರಿಗೆ ರಿಟರ್ನಿನ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ ತೋರಿಸಬೇಕು. ನೋಟಿಸ್ ಮುಗಿದ ಮೇಲೆ ಹಣ ಸಾಮಾನ್ಯವಾಗಿ ನೀವು ಸೂಚಿಸಿದ ಬ್ರಿಟನ್ನಿನ ಚಾಲ್ತಿ ಖಾತೆಗೇ ಬರುವುದರಿಂದ, ಖಾತೆ ಮುಚ್ಚಿ ಹೊರಡಲು ತೀರ್ಮಾನಿಸಿದವರು ಮನೆ ಖಾಲಿ ಮಾಡುವ ದಿನಕ್ಕೆ ಮೂರು ನಾಲ್ಕು ತಿಂಗಳ ಮೊದಲೇ ನೋಟಿಸ್ ಕೊಟ್ಟು, ಹಣ ಕೈಸೇರುವವರೆಗೆ ಆ ಚಾಲ್ತಿ ಖಾತೆಯನ್ನೂ ಅದಕ್ಕೆ ಜೋಡಿಸಿದ ಮೊಬೈಲ್ ನಂಬರನ್ನೂ ಉಳಿಸಿಕೊಳ್ಳಬೇಕು.